ನೀರು ಬಸಿಯದ ಮನೆ

ಮಧ್ಯಾಹ್ನದ ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ನಮ್ಮ ಓಣಿಯ ಪ್ರತಿ ಅಡುಗೆಮನೆಯ ಕಿಟಕಿಯಿಂದಲೂ ಒಂದು ಸಲ ಭುಸ್ಸೆಂದು ಹಬೆ ಏಳುತ್ತದೆ. ಪಾಸ್ತಾ ಬೆಂದು ನೀರು ಬಸಿಯುವ ಹೊತ್ತು ಅದು. ಯಾರ ಮನೆಯ ಹಬೆ ತಡವಾಯಿತೋ ಅಲ್ಲಿ ಗಂಡಹೆಂಡಿರ ಜಗಳವಾಗಿದೆ, ಯಾರ ಮನೆಯಲ್ಲಿ ಏಳಲೇ ಇಲ್ಲವೋ ಅಲ್ಲಿಗೆ ಡಾಕ್ಟರನ್ನೋ ಪಾದ್ರಿಯನ್ನೋ ಕರೆಯಬೇಕಾಗಿದೆ ಎಂದು ಓಣಿಯವರು ತಿಳಿಯುತ್ತಾರೆ. ಈ ತಿಳುವಳಿಕೆ ಎಂದೂ ಸುಳ್ಳಾದದ್ದಿಲ್ಲ. ಸುಳ್ಳು ಮಾಡಿದವನು ಒರೊಂಜೊ ಒಬ್ಬನೇ.

ಒರೊಂಜೊ ಪುರಸಭೆಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಮೇಲಿನ ಓಣಿಗೆ ಬಿಡಬೇಕಾದ ನೀರನ್ನು ಕೆಳಗಿನ ಓಣಿಗೆ ಬಿಟ್ಟು, ಮೇಲಿನವರು ಬೈಯಲು ಬಂದರೆ ಕೆಳಗಿನವರು ಎಷ್ಟು ಸಂತೋಷವಾಗಿದ್ದಾರೆ ನೋಡಿ ಎಂದು ಸಮಾಧಾನ ಹೇಳುತ್ತಿದ್ದ ಮನುಷ್ಯ. ಅವನ ಹೆಂಡತಿ ಅಸ್ಸುಂತ ಈಸ್ಟರಿಗೆ ಮುಂಚೆ ತೀರಿಕೊಂಡಳು. ಸಾವಿನ ಮನೆಗೆ ನೆರೆಯವರು ಅಡುಗೆ ಕಳಿಸುವ ದಿನಗಳು ಮುಗಿದವು. ಬೇಸಿಗೆ ಬಂತು, ಹೋಯಿತು. ಅವನ ಕಿಟಕಿಯಲ್ಲಿ ಹಬೆ ಮಾತ್ರ ಏಳಲಿಲ್ಲ. ಮನುಷ್ಯ ಉಪವಾಸವಿದ್ದಾನೆ ಅನ್ನೋಣವೆಂದರೆ ಕೆನ್ನೆ ದುಂಡಗಾಗುತ್ತಿದೆ.

ಎದುರು ಮನೆಯ ಪಾಲ್ಮಿರಾ, ಅಸ್ಸುಂತಳ ಒಡಹುಟ್ಟಿದ ಅಕ್ಕ, ಒಂದು ಮಧ್ಯಾಹ್ನ ತಡೆಯಲಾರದೆ ಒಳಗೆ ನುಗ್ಗಿ ನೋಡಿದಳು. ಒಲೆಯ ಮೇಲೆ ಒಂದೇ ಒಂದು ಬಾಣಲೆ. ಅದರೊಳಗೆ ಸ್ಪಗೆಟ್ಟಿಯನ್ನು ಎರಡು ತುಂಡಾಗಿ ಮುರಿದು ಹಸಿಯದನ್ನೇ ಹಾಕಿ, ಮೇಲೆ ಟೊಮೆಟೊ, ಬೆಳ್ಳುಳ್ಳಿ, ಕಹಿ ಸೊಪ್ಪು, ಬೀಜ ಕೂಡ ತೆಗೆಯದ ಆಲಿವ್, ಒಂದು ಹಿಡಿ ಕೇಪರ್ ಮೊಗ್ಗು, ಎಣ್ಣೆ, ತಣ್ಣೀರು ಸುರಿದು, ಎಲ್ಲವೂ ಒಟ್ಟಿಗೆ ಕೊತಕೊತ ಬೇಯುತ್ತಿತ್ತು. ನೀರು ಪಾಸ್ತಾದಲ್ಲೇ ಇಂಗುತ್ತಿತ್ತು. ಬಸಿಯುವುದಕ್ಕೆ ಏನೂ ಇರಲಿಲ್ಲ. ಮಾಂಸದ ಚೂರಿನ ವಾಸನೆಯೂ ಇಲ್ಲ.

ಪಾಲ್ಮಿರಾ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು.

ಇಲ್ಲಿ ಒರೊಂಜೊ ಅವಳಿಗೆ ನಿಜ ಹೇಳಿಬಿಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಅಸ್ಸುಂತ ದೊಡ್ಡ ಪಾತ್ರೆಯನ್ನೂ ನೀರು ಬಸಿಯುವ ಜಾಲರಿಯನ್ನೂ ಎಲ್ಲಿಟ್ಟಿದ್ದಳೋ ಅವನಿಗೆ ಸಿಕ್ಕಿರಲಿಲ್ಲ, ಅಷ್ಟೇ. ಆದರೆ ಒರೊಂಜೊಗೆ ಎಲ್ಲಿಂದಲೋ ಒಂದು ಗತ್ತು ಬಂತು. ತನ್ನ ಪಿತ್ತಕೋಶಕ್ಕೆ ಜಿಡ್ಡು ಆಗದೆಂದು ನೇಪಲ್ಸಿನ ದೊಡ್ಡ ಡಾಕ್ಟರೊಬ್ಬರು ತಾವೇ ಕೂತು ಹೇಳಿಕೊಟ್ಟ ಕ್ರಮ ಇದು, ಹೊಟ್ಟೆಗೆ ಹಗುರ, ಈಗ ದೊಡ್ಡ ಊರುಗಳಲ್ಲೆಲ್ಲ ಹೀಗೆಯೇ ಎಂದುಬಿಟ್ಟ. ಒರೊಂಜೊ ನೇಪಲ್ಸನ್ನು ನೋಡಿದವನಲ್ಲ. ಅಲ್ಲಿಯ ಡಾಕ್ಟರೂ ಇವನನ್ನು ನೋಡಿದವರಲ್ಲ.

ಆಲಿವ್ ಕೆಳಗಿನ ಓಣಿಯ ಚೆಸಾರಿಯಳ ಅಂಗಡಿಯದು. ಚೆಸಾರಿಯ ಉಪ್ಪುನೀರಿನ ಪೀಪಾಯಿಗಳ ನಡುವೆ ಕೂತು ಆಲಿವ್, ಕೇಪರ್ ಮಾರುವ ವಿಧವೆ, ನಿಧಾನದ ಹೆಂಗಸು. ಒಬ್ಬ ಮನುಷ್ಯ ತಿನ್ನಲಾರದಷ್ಟು ಆಲಿವನ್ನು ಒರೊಂಜೊ ದಿನ ಬಿಟ್ಟು ದಿನ ತರುತ್ತಿದ್ದ. ಅಕ್ಟೋಬರ್ ಕೊನೆಯಲ್ಲಿ ಒಂದು ದಿನ, ಆಲಿವಿನ ಪೊಟ್ಟಣ ಎದೆಗವುಚಿಕೊಂಡು, ನವೆಂಬರ್ ಹನ್ನೊಂದಕ್ಕೆ, ಸಂತ ಮಾರ್ತಿನರ ದಿನ, ಹೊಸ ವೈನ್ ತೆಗೆಯುವಾಗ ತನ್ನ ಮನೆಗೆ ಊಟಕ್ಕೆ ಬರಬಹುದೇ ಎಂದು ಕೇಳಿಯೇಬಿಟ್ಟ. ನಮ್ಮಲ್ಲಿ ಒಬ್ಬ ವಿಧುರ ಒಬ್ಬ ವಿಧವೆಯನ್ನು ಆ ದಿನ ಊಟಕ್ಕೆ ಕರೆದರೆ ಅದು ಬರೀ ಊಟವಲ್ಲ. ಚೆಸಾರಿಯ ಸೌಟನ್ನು ಪೀಪಾಯಿಯ ಅಂಚಿಗೆ ತಟ್ಟಿ, ನೋಡೋಣ ಎಂದಳು. ಒರೊಂಜೊ ಮನೆಗೆ ಬರುವ ದಾರಿಯಲ್ಲಿ ಕಂಬಕ್ಕೂ ನಮಸ್ಕಾರ ಹೇಳಿದ.

ಪಾಲ್ಮಿರಾಗೆ ವಿಷಯ ಸಂಜೆಯೊಳಗೆ ತಲುಪಿತು. ತಂಗಿ ಸತ್ತು ವರ್ಷ ತುಂಬಿಲ್ಲ, ಇವನಿಗೆ ಆಲಿವ್ ಹೆಚ್ಚಾಗಿದೆ ಎಂದು ಬಾವಿಕಟ್ಟೆಯ ಹತ್ತಿರ ಹೇಳಿದಳು. ಒರೊಂಜೊನಿಗೆ ಹೇಳಿದ್ದು ಒಂದೇ: ಸತ್ತವರ ಹಬ್ಬ ಬರುತ್ತಿದೆ, ಮೊದಲು ಅಸ್ಸುಂತಳಿಗೆ ಸರಿಯಾಗಿ ಮೇಜು ಹಾಕು.

ಸತ್ತವರ ದಿನದ ಹಿಂದಿನ ಸಂಜೆ ಪ್ರತಿ ಮನೆಯಲ್ಲೂ ಒಳ್ಳೆಯ ಬಟ್ಟೆ ಹಾಸಿ, ರೊಟ್ಟಿ, ನೀರು, ವೈನ್ ಇಟ್ಟು, ಹೋದವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲ ಚಿಲಕ ತೆಗೆದು ಮಲಗುತ್ತೇವೆ. ಅವರು ಬರುತ್ತಾರೆ. ಬಂದವರು ಜನವರಿಯ ಮೂರು ರಾಯರ ಹಬ್ಬದ ತನಕ ನಮ್ಮ ನಡುವೆಯೇ ಇರುತ್ತಾರೆ. ಊಟದ ವಾಸನೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಊಟವನ್ನು ನಾವು ತಿನ್ನುತ್ತೇವೆ. ಈ ಏರ್ಪಾಡಿನಲ್ಲಿ ಎರಡು ಕಡೆಯವರಿಗೂ ತಕರಾರಿರಲಿಲ್ಲ.

ಆ ಸಂಜೆ ಒರೊಂಜೊ ಮೇಜಿನ ಬಟ್ಟೆ ಹುಡುಕಿದ. ಸಿಗಲಿಲ್ಲ. ಮೊದಲು ಹೊಟ್ಟೆಗಿಷ್ಟು ಹಾಕಿಕೊಂಡು ಆಮೇಲೆ ಹುಡುಕೋಣವೆಂದು ಬಾಣಲೆಯಲ್ಲಿ ತನ್ನ ಮಾಮೂಲಿ ಪಾಸ್ತಾ ಬೇಯಿಸಿ, ಬರೀ ಮೇಜಿನ ಮೇಲೆ ಬಾಣಲೆಯನ್ನೇ ಇಟ್ಟುಕೊಂಡು ಅರ್ಧ ತಿಂದು, ಸ್ವಲ್ಪ ಕಾಲು ಚಾಚೋಣವೆಂದು ಹಾಸಿಗೆಗೆ ಹೋದ. ಕಣ್ಣು ಬಿಟ್ಟಾಗ ಬೆಳಗಿನ ಪೂಜೆಯ ಗಂಟೆ ಹೊಡೆಯುತ್ತಿತ್ತು.

ಅವನು ದಿಗ್ಗನೆ ಎದ್ದ. ಮಡದಿ ತೀರಿದ ಮೊದಲ ವರ್ಷ. ಬಟ್ಟೆಯಿಲ್ಲ, ರೊಟ್ಟಿಯಿಲ್ಲ, ಎಂಜಲು ಬಾಣಲೆ. ಓಡಿಬಂದು ನೋಡಿದ.

ಬಾಣಲೆ ಖಾಲಿಯಾಗಿತ್ತು. ಖಾಲಿಯಷ್ಟೇ ಅಲ್ಲ, ತೊಳೆದು ಬೋರಲು ಹಾಕಿತ್ತು. ಪಾತ್ರೆ ಒರೆಸುವ ಬಟ್ಟೆ ಹಿಂಡಿ, ಮೂರು ಮಡಿಕೆ ಮಾಡಿ, ಒಲೆಯ ಸರಳಿಗೆ ತೂಗುಹಾಕಿತ್ತು. ಮೇಜಿನ ಅಂಚಿನಲ್ಲಿ ಆಲಿವಿನ ಬೀಜಗಳು ಒಂದರ ಪಕ್ಕ ಒಂದು, ಹುಬ್ಬಿನ ಹಾಗೆ ಬಾಗಿದ ಸಾಲಿನಲ್ಲಿದ್ದವು.

ಒರೊಂಜೊ ಸಾಲನ್ನು ನೋಡುತ್ತ ನಿಂತ. ಬೀಜ ಅವನು ಎಲ್ಲಿ ಬೇಕಾದರಲ್ಲಿ ಉಗುಳುವವನು. ಸಾಲು ಇಡುತ್ತಿದ್ದವಳು ಒಬ್ಬಳೇ.

ಅಷ್ಟರಲ್ಲಿ ಪಾಲ್ಮಿರಾ ಮೇಜಿನ ತನಿಖೆಗೆ ಬಂದಳು. ಹೊಸ್ತಿಲಿನಿಂದಲೇ ಶುರುಮಾಡಿದಳು: ಬಟ್ಟೆಯೆಲ್ಲಿ, ರೊಟ್ಟಿಯೆಲ್ಲಿ, ನಾಯಿಗೂ ಹೀಗೆ ಇಡುವುದಿಲ್ಲವಲ್ಲ. ಬೀಜಗಳ ಹತ್ತಿರ ಬಂದಾಗ ಮಾತು ಅರ್ಧಕ್ಕೆ ನಿಂತಿತು. ಬಗ್ಗಿ ನೋಡಿದಳು. ಬಟ್ಟೆಯ ಮೂರು ಮಡಿಕೆ ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು. ಅವಳ ಬಾಯಿಂದ ಬಂದದ್ದು ದುಃಖವೂ ಅಲ್ಲ, ಭಯವೂ ಅಲ್ಲ.

"ನಾನು ಮೂರು ಗಂಟೆ ನಿಂತು ಮಾಂಸದ ಸುರುಳಿ ಬೇಯಿಸಿಟ್ಟಿದ್ದೆ," ಎಂದಳು. "ನನ್ನ ಬಾಗಿಲು ದಾಟಿಕೊಂಡೇ ಬಂದಿರ್ತಾಳೆ. ಮುಟ್ಟಿಲ್ಲ. ಇಲ್ಲಿ ಬಂದು ಈ ಗಂಜಿ ತಿಂದು ಪಾತ್ರೆ ಬೇರೆ ತೊಳೆದಿದ್ದಾಳೆ."

ಸುದ್ದಿ ಹಬ್ಬಿತು. ಇದುವರೆಗೆ ಸತ್ತವರು ಊಟ ಮುಟ್ಟುವುದಿಲ್ಲ ಎಂಬುದು ಯಾರಿಗೂ ಅವಮಾನವಾಗಿರಲಿಲ್ಲ. ಒಬ್ಬಳು ತಿಂದಳೆಂದ ಕೂಡಲೇ ಉಳಿದ ಮನೆಗಳ ಮುಟ್ಟದ ತಟ್ಟೆಗಳೆಲ್ಲ ಆರೋಪದ ಹಾಗೆ ಕಾಣತೊಡಗಿದವು. ಅಜ್ಜ ಮುಟ್ಟಿಲ್ಲ, ಅತ್ತೆ ಮುಟ್ಟಿಲ್ಲ, ಅಂದರೆ ಇಷ್ಟು ವರ್ಷವೂ ಮುಟ್ಟಿಲ್ಲ, ಅಂದರೆ ನೂರಾರು ವರ್ಷದಿಂದ ನಮ್ಮವರು ಹಸಿದುಕೊಂಡೇ ವಾಪಸು ಹೋಗುತ್ತಿದ್ದಾರೆ. ಕಾರಣವನ್ನು ಹೆಂಗಸರು ಬಾವಿಕಟ್ಟೆಯಲ್ಲಿ ಕಂಡುಹಿಡಿದರು. ವರ್ಷವಿಡೀ ಅಂಗಾತ ಮಲಗಿರುವವರಿಗೆ ಮಾಂಸ ಹೇಗೆ ಅರಗುತ್ತದೆ? ನೇಪಲ್ಸಿನ ಡಾಕ್ಟರು ಹೇಳಿದ್ದು ಇದನ್ನೇ. ಹಗುರವಾದದ್ದು ಕೊಡಬೇಕು.

ಮರುದಿನದಿಂದ ಒರೊಂಜೊನ ಅಡುಗೆಮನೆಯಲ್ಲಿ ಪಾಠ ನಡೆಯಿತು. ಮುರಿದ ಸ್ಪಗೆಟ್ಟಿಯ ಸುದ್ದಿ ಕೇಳಿ ಹಿಂದೆ ಮುಖ ಮುಚ್ಚಿಕೊಂಡಿದ್ದ ಹೆಂಗಸರೇ ಬಾಣಲೆ ಹಿಡಿದು ನಿಂತರು. ಒರೊಂಜೊ ಎಂದೂ ಒಂದು ದಿನ ಮಾಡಿದ ಹಾಗೆ ಇನ್ನೊಂದು ದಿನ ಮಾಡಿದವನಲ್ಲ. ಒಬ್ಬಳಿಗೆ ಬೆಳ್ಳುಳ್ಳಿ ಮೊದಲು ಎಂದ, ಇನ್ನೊಬ್ಬಳಿಗೆ ಕೊನೆಗೆ ಎಂದ. ನೀರು ಎಷ್ಟು ಎಂದರೆ, ಪಾಸ್ತಾ ಮುಳುಗಿ ಇನ್ನೇನು ಉಸಿರು ಕಟ್ಟುತ್ತೆ ಅನ್ನುವಷ್ಟು ಎಂದ. ಬಿಡದೆ ತಿರುವುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ, ಎಂದು ಹೇಳುತ್ತ ಹೇಳುತ್ತ ತನ್ನದನ್ನು ತಳ ಹಿಡಿಸಿದ. ಅದೂ ಕ್ರಮವೇ ಇರಬೇಕೆಂದು ಎಲ್ಲರೂ ಸ್ವಲ್ಪ ತಳ ಹಿಡಿಸಿದರು.

ಸಂಜೆ ಓಣಿಯ ಮೇಜುಗಳಿಗೆ ಮತ್ತೆ ಬಟ್ಟೆ ಬಿತ್ತು. ಹೇಗೂ ಸತ್ತವರು ಊರಲ್ಲೇ ಇದ್ದಾರಲ್ಲ.

ಬೆಳಿಗ್ಗೆ ತಟ್ಟೆಗಳು ಖಾಲಿ.

ಒಂದು ಮನೆಯಲ್ಲ, ಎರಡಲ್ಲ. ಮೂಲೆ ಮನೆಯ ಅಜ್ಜನ ತಟ್ಟೆಯ ಕೆಳಗೆ ಒಂದು ರೊಟ್ಟಿಯ ಚೂರು ಬಚ್ಚಿಟ್ಟಿತ್ತು. ಅವನು ಯುದ್ಧದಿಂದ ಬಂದ ಮೇಲೆ ಸಾಯುವ ತನಕ ಹಾಗೆಯೇ ಬಚ್ಚಿಡುತ್ತಿದ್ದ. ಇನ್ನೊಂದು ಮನೆಯ ಅತ್ತೆ ಉಪ್ಪಿನ ಬಟ್ಟಲನ್ನು ಸೊಸೆಯ ಕುರ್ಚಿಯಿಂದ ದೂರ ಸರಿಸಿದ್ದಳು. ಬೆಕ್ಕುಗಳ ಕೆಲಸವೆಂದು ಠಾಣೆಯ ದಫೇದಾರ ಹೇಳಿದ. ಬೆಕ್ಕು ಉಪ್ಪಿನ ಬಟ್ಟಲು ಸರಿಸುವುದಿಲ್ಲವೆಂದು ಆ ಸೊಸೆ ಹೇಳಿದಳು. ದಫೇದಾರ ಎಲ್ಲ ಮನೆಗಳ ಚಿಲಕ ಪರೀಕ್ಷಿಸಿ, ಕಳುವಾಗಿರುವುದು ಪಾಸ್ತಾ, ಕದ್ದವರು ಮನೆಯವರೇ, ಇದು ಠಾಣೆಗೆ ಬರುವ ವಿಷಯವಲ್ಲ ಎಂದು ಟೋಪಿ ಹಾಕಿಕೊಂಡು ಹೊರಟುಹೋದ. ಹೋಗುವಾಗ ಓಣಿಯ ನಡುವೆ ನಡೆಯದೆ ಗೋಡೆಗೆ ಒತ್ತಿಕೊಂಡು ನಡೆದ. ಆಗಲೇ ಓಣಿಯವರೆಲ್ಲ ಹಾಗೆ ನಡೆಯತೊಡಗಿದ್ದರು. ನಡುವಿನ ಕಲ್ಲುಹಾಸನ್ನು ಸತ್ತವರಿಗೆ ಬಿಟ್ಟುಕೊಟ್ಟಿದ್ದರು. ಗಾಳಿಯಿಲ್ಲದ ಹೊತ್ತಿನಲ್ಲೂ ಹಗ್ಗದ ಮೇಲಿನ ಬಟ್ಟೆಗಳು ಸಾಲಾಗಿ ಅಲುಗುತ್ತಿದ್ದವು, ಯಾರೋ ಬೆನ್ನು ಬಗ್ಗಿಸಿ ಕೆಳಗೆ ಹಾದುಹೋದ ಹಾಗೆ.

ಭಯವೆಂದರೆ ಭಯವೇ. ಆದರೆ ಭಯದ ಜೊತೆಗೆ ಜಗಳವೂ ಬಂತು. ಇಬ್ಬರು ಅಣ್ಣತಮ್ಮಂದಿರಲ್ಲಿ ಅಮ್ಮ ಕಿರಿಯವನ ಮನೆಯಲ್ಲಿ ಉಂಡು ಹಿರಿಯವನ ಮನೆಯಲ್ಲಿ ಬರೀ ನೀರು ಕುಡಿದಿದ್ದಳು. ಅವರ ನಡುವೆ ಮಾತು ನಿಂತಿತು. ಕಟುಕ ಮಿಂಗುಚ್ಚೊನ ಅಂಗಡಿಯಲ್ಲಿ ಸುರುಳಿಗಳು ಕೊಕ್ಕೆಯಲ್ಲೇ ಕಪ್ಪಾದವು. ಅವನು ಒರೊಂಜೊನ ಮನೆಗೆ ಬಂದ, ಮರ್ಯಾದೆಯಿಂದ, ಕತ್ತಿಯನ್ನು ಹೊರಗೇ ಇಟ್ಟು.

"ಒರೊಂಜೊ ಅಣ್ಣ, ಬದುಕಿರೋರು ನಾಕು ದಿನ ಸೊಪ್ಪು ತಿಂದ್ರೆ ನಾನು ತಡ್ಕೋತೀನಿ. ಸತ್ತವರೂ ಬಿಟ್ಟುಬಿಟ್ರೆ ನಾನು ಯಾರನ್ನ ನಂಬ್ಕೊಂಡು ಬದುಕ್ಲಿ?"

ಒರೊಂಜೊ ಅವನನ್ನು ಕೂರಿಸಿದ. ಒಂದು ತಟ್ಟೆ ಪಾಸ್ತಾ ಕೊಟ್ಟ. ಮಿಂಗುಚ್ಚೊ ತಿಂದು, ತೀರಿಹೋದ ತನ್ನಪ್ಪನಿಗೂ ಇಷ್ಟು ಕಟ್ಟಿಸಿಕೊಂಡು ಹೋದ.

ಭಾನುವಾರ ದೊನ್ ಎಲಿಜಿಯೊ ಪಾದ್ರಿಗಳು ಪ್ರಸಂಗದಲ್ಲಿ ಗುಡುಗಿದರು. ಆತ್ಮಕ್ಕೆ ಹೊಟ್ಟೆಯಿಲ್ಲ, ಹೊಟ್ಟೆಯಿಲ್ಲದಲ್ಲಿ ಹಸಿವಿಲ್ಲ, ಇದು ಅಜ್ಞಾನ. ಪೂಜೆ ಮುಗಿದ ಮೇಲೆ ಒರೊಂಜೊನನ್ನು ಒಳಕೋಣೆಗೆ ಕರೆದು ಬಾಗಿಲು ಮುಚ್ಚಿ, ತೀರಿಹೋದ ತಮ್ಮ ತಾಯಿಗೆ ಹಲ್ಲಿರಲಿಲ್ಲ, ಸ್ಪಗೆಟ್ಟಿಯನ್ನು ಇನ್ನೂ ಸಣ್ಣಗೆ ಮುರಿದರೆ ಪರವಾಗಿಲ್ಲವೇ ಎಂದು ಕೇಳಿದರು.

ಇಷ್ಟು ಗೌರವ ಒರೊಂಜೊ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಂಡು ಸುಖಪಡುವ ಸ್ಥಿತಿಯಲ್ಲಿ ಮಾತ್ರ ಅವನಿರಲಿಲ್ಲ. ದಿನ ಬೆಳಿಗ್ಗೆ ಬೀಜದ ಸಾಲು. ದಿನ ಬೆಳಿಗ್ಗೆ ಮೂರು ಮಡಿಕೆಯ ಬಟ್ಟೆ. ಮುಟ್ಟಿದರೆ ಇನ್ನೂ ಒದ್ದೆ. ಹಾಗಾದರೆ ಅಸ್ಸುಂತ ಮನೆಯಲ್ಲೇ ಇದ್ದಾಳೆ. ಇದ್ದುಕೊಂಡು ಏನು ಯೋಚಿಸುತ್ತಿದ್ದಾಳೆ? ಸಂತ ಮಾರ್ತಿನರ ದಿನ ಹತ್ತಿರ ಬಂದಿತ್ತು.

ಪಾಲ್ಮಿರಾಗೆ ಆ ವಿಷಯದಲ್ಲಿ ಸಂಶಯವಿರಲಿಲ್ಲ. ಎಲ್ಲ ಬಿಟ್ಟು ತಂಗಿ ಬಂದಿರುವುದೇ ಆ ಊಟವನ್ನು ತಡೆಯುವುದಕ್ಕೆ ಎಂದಳು. ಇಡೀ ಓಣಿ ಕೇಳುವ ಹಾಗೆ ಹೇಳಿದಳು: ಮೂರು ರಾಯರ ಹಬ್ಬದ ತನಕ ಆ ಮನೆಗೆ ಯಜಮಾನಿಯಿದ್ದಾಳೆ, ಅಷ್ಟರೊಳಗೆ ಇನ್ನೊಬ್ಬಳು ಹೊಸ್ತಿಲು ದಾಟಿದರೆ ಏನಾಗುತ್ತದೋ ತಾನು ಬಲ್ಲಳು, ಹೇಳುವುದಿಲ್ಲ. ಆಮೇಲೆ ಅದನ್ನು ಹೇಳದೆ ಇರಲೆಂದೇ ಕೆಳಗಿನ ಓಣಿಯ ತನಕ ನಡೆದುಹೋಗಿ ಚೆಸಾರಿಯಳ ಅಂಗಡಿಯಲ್ಲೂ ಹೇಳದೆ ಬಂದಳು.

ಒರೊಂಜೊ ಹೆಂಡತಿಯನ್ನೇ ಕೇಳಿಬಿಡೋಣವೆಂದುಕೊಂಡ. ಒಂದು ಮಧ್ಯಾಹ್ನ ಒಲೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು, ನೋಡೇ, ಇದರಲ್ಲಿ ನಿನಗೆ ಬೇಜಾರಿದ್ದರೆ ಏನಾದರೂ ಸೂಚನೆ ಕೊಡು ಎಂದ. ಮನೆ ಸುಮ್ಮನಿತ್ತು. ಹಾಗಾದರೆ ಒಪ್ಪಿಗೆಯಿದ್ದರೆ ಸೂಚನೆ ಕೊಡು ಎಂದ. ಆಗಲೂ ಸುಮ್ಮನಿತ್ತು. ಬಟ್ಟೆಯಿಂದ ಒಂದು ಹನಿ ನೀರು ಟಪ್ಪೆಂದು ಬಿತ್ತು. ಅದು ಯಾವ ಪ್ರಶ್ನೆಗೆಂದು ಅವನಿಗೆ ತಿಳಿಯಲಿಲ್ಲ.

ಸಾಯಂಕಾಲ ಕೆಳಗಿನ ಓಣಿಗೆ ಹೋದ. ಬರಬೇಡಿ ಎಂದು ಹೇಳಲೇ ಹೋಗಿದ್ದ. ಪೀಪಾಯಿಗಳ ಮುಂದೆ ನಿಂತು, ಮನೆಯಲ್ಲಿ ಸ್ವಲ್ಪ ಜನ ಇದ್ದಾರೆ, ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದ.

"ಗೊತ್ತು," ಎಂದಳು ಚೆಸಾರಿಯ. "ನಿಮ್ಮ ಪಾಲ್ಮಿರಾ ಅಕ್ಕ ಬಂದಿದ್ರು. ಆಲಿವ್ ಬೇಕಾ ಬೇಡವಾ?"

ಬೇಕು ಎಂದ. ತೂಗಿ ಕೊಟ್ಟಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಸಂತ ಮಾರ್ತಿನರ ದಿನ ಬಿಸಿಲು ಹೊಳೆಯುತ್ತಿತ್ತು. ಎಲ್ಲರ ಮನೆಯಲ್ಲೂ ಪೀಪಾಯಿಯ ಬಿರಡೆ ತೆಗೆದರೂ ಯಾರೂ ಕುಡಿಯಲಿಲ್ಲ, ಕಿಟಕಿಗಳಲ್ಲಿ ನಿಂತಿದ್ದರು. ಪಾಲ್ಮಿರಾ ಜಪಮಾಲೆ ಹಿಡಿದು ತನ್ನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡಿದ್ದಳು. ಮಧ್ಯಾಹ್ನದ ಗಂಟೆ ಹೊಡೆಯಿತು. ಓಣಿಯ ಒಂದು ಮನೆಯಲ್ಲೂ ನೀರು ಬಸಿಯುವ ನೆನಪಾಗದೆ ಎಲ್ಲರ ಪಾಸ್ತಾವೂ ಅಂಬಲಿಯಾಯಿತು.

ಒರೊಂಜೊ ಬೆಳಿಗ್ಗೆಯಿಂದ ಮೂರು ತಟ್ಟೆ ಇಡುವುದು, ಒಂದನ್ನು ತೆಗೆಯುವುದು, ಮತ್ತೆ ಇಡುವುದು ಮಾಡುತ್ತಿದ್ದ. ಎರಡೇ ಇಟ್ಟರೆ ಅಸ್ಸುಂತಳಿಗೆ ನೋವು, ಮೂರಿಟ್ಟರೆ ಚೆಸಾರಿಯ ಬಾಗಿಲಿನಿಂದಲೇ ವಾಪಸು. ಆಮೇಲೆ ಈ ಮೇಜಿಗೆ ಬದುಕಿರುವವರು ಯಾರೂ ಬರುವುದಿಲ್ಲವೆಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಇನ್ನುಳಿದ ವರ್ಷಗಳೆಲ್ಲ ಅವನು, ಬಾಣಲೆ, ಬೆಳಿಗ್ಗೆ ಒಂದು ಒದ್ದೆ ಬಟ್ಟೆ. ಕೊನೆಗೆ ಮೂರನೆಯ ತಟ್ಟೆಯನ್ನು ಇಟ್ಟೇಬಿಟ್ಟ, ಒಲೆಯ ಪಕ್ಕದ ಅಸ್ಸುಂತಳ ಕುರ್ಚಿಯ ಮುಂದೆ.

ಚೆಸಾರಿಯ ಓಣಿಯ ನಡುವಿನ ಕಲ್ಲುಹಾಸಿನ ಮೇಲೆಯೇ ನಡೆದು ಬಂದಳು. ಗೋಡೆಗೆ ಒತ್ತಿಕೊಂಡು ಅಲ್ಲ. ಒಂದೊಂದು ಕಡೆ ಪಕ್ಕಕ್ಕೆ ಸರಿದು, ಎದುರಿನಿಂದ ಬರುವವರಿಗೆ ದಾರಿ ಬಿಡುವ ಹಾಗೆ ತಲೆಬಾಗಿ ಮುಂದೆ ಬಂದಳು. ಹೊಸ್ತಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಪಾಲ್ಮಿರಾಳ ಜಪಮಾಲೆ ನಿಂತಿತು.

ಚೆಸಾರಿಯ ಹಿಂದೆ ತಿರುಗಿ, ಯಾರೂ ಇಲ್ಲದ ಕಡೆ ನೋಡಿ, ಕಾಲು ಒರೆಸಿಕೊಂಡು ಬಾ ಎಂದಳು.

"ತಪ್ಪು ತಿಳ್ಕೋಬೇಡಿ ಒರೊಂಜೊ, ನಾನೊಬ್ಬಳೇ ಬಂದಿಲ್ಲ," ಎಂದಳು. "ನಮ್ಮ ವಿತಾಂತೋನಿಯೊ ಬಂದಿದ್ದಾನೆ. ಮೂರು ರಾಯರ ಹಬ್ಬದ ತನಕ ಜೊತೇಲೇ ಇರ್ತಾನೆ. ಬಿಟ್ಟುಬಂದ್ರೆ ಮನೇಲಿ ಒಬ್ಬನೇ ಕೂತು ಕೊರಗ್ತಾನೆ. ವರ್ಷಾ ವರ್ಷ ಇದೇ ಕತೆ."

ವಿತಾಂತೋನಿಯೊ ಚೆಸಾರಿಯಳ ಗಂಡ. ಕ್ಷೌರದಂಗಡಿ ಇಟ್ಟಿದ್ದವನು, ಸತ್ತು ಎಷ್ಟೋ ವರ್ಷವಾಗಿತ್ತು. ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಕಾಲೊರಸು ಮಾತ್ರ ಒಂದು ಗೇಣು ಒಳಗೆ ಜರುಗಿತು.

ಒರೊಂಜೊ ಬನ್ನಿ ಬನ್ನಿ ಎಂದ, ಇಬ್ಬರಿಗೂ ಸೇರುವ ಹಾಗೆ. ಓಡಿಹೋಗಿ ನಾಲ್ಕನೆಯ ತಟ್ಟೆ ತಂದ. ಪರಗಂಡಸೆಂದು ಅವನ ಕುರ್ಚಿಯನ್ನು ಮೇಜಿನ ಆ ತುದಿಗೆ, ಬಾಗಿಲ ಹತ್ತಿರ ಹಾಕಿದ. ಬಾಣಲೆಯನ್ನು ತಂದು ನಡುವೆ ಇಟ್ಟ. ಇಬ್ಬರಿಗೆ ಮಾಡಿದ್ದನ್ನು ನಾಲ್ವರಿಗೆ ಹಂಚುವಾಗ ಚೆಸಾರಿಯ ಸೌಟು ತೆಗೆದುಕೊಂಡು, ಮೊದಲು ಒಲೆಯ ಪಕ್ಕದ ತಟ್ಟೆಗೆ ಬಡಿಸಿ, ನಿಮ್ಮನೆ ಊಟ, ನೀವು ಮೊದಲು, ಎಂದು ಆ ಕುರ್ಚಿಗೆ ಹೇಳಿದಳು. ಅವಳು ರೊಟ್ಟಿ ಕೊಯ್ಯಲು ತಿರುಗಿದಳು. ಒರೊಂಜೊ ಹೂಜಿಯಲ್ಲಿ ಹೊಸ ವೈನ್ ತರಲು ತಿರುಗಿದ.

ಬೆನ್ನ ಹಿಂದೆ ನೆಲದ ಮೇಲೆ ಏನೋ ಎಳೆದ ಸದ್ದಾಯಿತು, ಸಾವಕಾಶವಾಗಿ, ಗದ್ದಲವಾಗಬಾರದೆಂದು ಎಳೆದ ಹಾಗೆ.

ತಿರುಗಿ ನೋಡಿದರೆ ಬಾಗಿಲ ಹತ್ತಿರದ ಕುರ್ಚಿ ಅಲ್ಲಿರಲಿಲ್ಲ. ಒಲೆಯ ಪಕ್ಕದ ಕುರ್ಚಿಗೆ ತಾಗಿಕೊಂಡಿತ್ತು. ಎರಡೂ ಸ್ವಲ್ಪ ಒಂದಕ್ಕೊಂದು ತಿರುಗಿಕೊಂಡಿದ್ದವು. ತಟ್ಟೆಗಳೂ ಜೊತೆಗೂಡಿದ್ದವು.

ಒರೊಂಜೊನ ಕೈಯ ಹೂಜಿ ಅರ್ಧದಲ್ಲೇ ನಿಂತಿತು. ಅವನು ಹೆದರಿದನೆಂದು ಕಿಟಕಿಗಳಲ್ಲಿದ್ದವರು ಆಮೇಲೆ ಹೇಳಿದರು. ಅವನ ಮುಖದಲ್ಲಿದ್ದುದು ಅದಲ್ಲ.

"ನಿಮ್ಮೋರು ಹೇಗೆ? ಮನುಷ್ಯ ಹೇಗೆ ಅಂತ," ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಒಳ್ಳೆಯವನೇ. ಮಾತು ಜಾಸ್ತಿ. ಕತ್ತರಿ ಹಿಡಿದ್ರೆ ಗಿರಾಕಿ ಗಡ್ಡ ಬೆಳೆಯೋ ತನಕ ಮಾತಾಡೋನು."

ಒರೊಂಜೊ ಆ ಎರಡು ಕುರ್ಚಿಗಳನ್ನು ನೋಡಿದ. ಅಸ್ಸುಂತ ಅಷ್ಟು ವರ್ಷ ಅಲ್ಲೇ ಕೂತು ಉಂಡಿದ್ದಳು. ಎದುರಿಗೆ ತಾನು ಕೂತು ಉಂಡಿದ್ದ.

"ಅವಳಿಗೆ ಮಾತಾಡೋರು ಬೇಕಿತ್ತು," ಎಂದ. "ನಂಗೆ ಬರ್ತಿರ್ಲಿಲ್ಲ."

"ಹಾಗಾದ್ರೆ ಬಿಡಿ. ಕೂತ್ಕೊಳ್ಳಿ, ಆರುತ್ತೆ."

ಅವನು ಎರಡು ಲೋಟ ವೈನನ್ನು ಆ ಕುರ್ಚಿಗಳ ಮುಂದೆ, ನಡುವೆ ಕೈ ಅಡ್ಡ ಬರದ ಹಾಗೆ ಬಳಸಿಕೊಂಡು ಹೋಗಿ ಇಟ್ಟು, ಬಂದು ಚೆಸಾರಿಯಳ ಪಕ್ಕದಲ್ಲಿ ಕೂತ. ಮೊದಲ ತುತ್ತು ಬಾಯಿಗಿಟ್ಟಾಗ ತಿಳಿಯಿತು, ಬೆಳಗಿನ ಗಾಬರಿಯಲ್ಲಿ ಉಪ್ಪನ್ನೇ ಹಾಕಿರಲಿಲ್ಲ. ಸುತ್ತ ನೋಡಿದ. ಮೇಜಿಗೆ ಕೂತಿದ್ದವರಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ.